ಒಂದು ಬೆಟ್ಟದ ಊಟ

ಓಸಾಕಾ ನಗರದ ತೆನ್ನೋಜಿ ನಿಲ್ದಾಣದಿಂದ ದಕ್ಷಿಣಾಭಿಮುಖವಾಗಿ ಹೊರಡುವ 'ಕುರೋಶಿಯೊ' ಎಂಬ ರೈಲು, ಒಂದನ್ನೊಂದು ಒತ್ತಿಕೊಂಡು ನಿಂತ ಮನೆಗಳನ್ನೂ ಕಾರ್ಖಾನೆಗಳನ್ನೂ ದಾಟಿ, ವಾಕಾಯಾಮಾ ಪಟ್ಟಣವನ್ನು ಹಿಂದೆ ಬಿಟ್ಟು, ಕಿತ್ತಳೆಯ ತೋಟಗಳು ಪಾವಟಿಗೆ ಪಾವಟಿಗೆಯಾಗಿ ಮೇಲೇರಿದ ಗುಡ್ಡಗಳ ನಡುವೆ ಅನೇಕ ಸುರಂಗಗಳನ್ನು ಹೊಕ್ಕು ಹೊರಟು, ಕಟ್ಟಕಡೆಗೆ ಬಲಗಡೆಯ ಕಿಟಕಿಯ ತುಂಬ ಪೆಸಿಫಿಕ್ ಮಹಾಸಾಗರದ ನೀಲಿಯನ್ನು ಹರಡಿ ತೋರಿಸುವಷ್ಟರಲ್ಲಿ, ಪ್ರಯಾಣಿಕನಿಗೆ ತಾನು ಮಹಾನಗರದಿಂದ ಎರಡು ಗಂಟೆಯೊಳಗಿನ ದಾರಿಯನ್ನಷ್ಟೇ ಬಂದಿರುವೆನೆಂಬುದು ಮರೆತೇ ಹೋಗಿರುತ್ತದೆ. ರೈಲಿಗೆ ಆ ಹೆಸರನ್ನು ಕೊಟ್ಟದ್ದು ಈ ಕರಾವಳಿಯನ್ನು ಬಳಸಿ ಹರಿಯುವ ಬೆಚ್ಚನೆಯ ಸಮುದ್ರಪ್ರವಾಹ. ಅಕ್ಟೋಬರ್ ತಿಂಗಳ ಒಂದು ತಿಳಿಯಾದ ಮುಂಜಾನೆ, ಓಸಾಕಾದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನೊಡನೆ ನಾನು ಆ ರೈಲಿನಲ್ಲಿ ಕೀ ಪರ್ಯಾಯದ್ವೀಪದ ಮಿನಾಬೆ ಎಂಬ ಊರಿಗೆ ಹೊರಟಿದ್ದೆನು.

ಆ ಪರ್ಯಾಯದ್ವೀಪಕ್ಕೆ ಹೋಗುವವರಲ್ಲಿ ಬಹುಮಂದಿ ಕುಮಾನೋ ಕ್ಷೇತ್ರದ ಯಾತ್ರಿಕರು. ಅಲ್ಲಿಯ ಪುರಾತನ ಯಾತ್ರಾಮಾರ್ಗಗಳು 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೇಶದೇಶಗಳಿಂದ ಜನ ಆ ಕಲ್ಲುಹಾಸಿನ ದಾರಿಗಳಲ್ಲಿ ನಡೆಯಲು ಬರುತ್ತಾರೆ. ನಾನು ಹೊರಟದ್ದಾದರೋ ಇದ್ದಿಲನ್ನು ನೋಡುವುದಕ್ಕೆ. ಅದಕ್ಕೆ ಕಾರಣವಾದುದು ಹಿಂದಿನ ಸಂಜೆಯ ಒಂದು ಅನುಭವ. ಎಂಟು ಮಂದಿ ಕುಳಿತರೆ ತುಂಬಿಹೋಗುವ ಒಂದು ಚಿಕ್ಕ ಅಂಗಡಿಗೆ ಅಳಿಯ ನನ್ನನ್ನು ಕರೆದೊಯ್ದಿದ್ದನು. ಅಲ್ಲಿ ಯಜಮಾನನು ಕಿರಿದಾದ ಉದ್ದನೆಯ ಕೆಂಡದ ತೊಟ್ಟಿಯ ಮೇಲೆ ಬಿದಿರುಕಡ್ಡಿಗೆ ಚುಚ್ಚಿದ ಮಾಂಸದ ತುಂಡುಗಳನ್ನು ಸುಡುತ್ತಿದ್ದನು. ನಾನು ಶಾಕಾಹಾರಿಯೆಂದು ತಿಳಿದು, ಆತನು ಹಸುರು ಮೆಣಸಿನಕಾಯಿಗಳನ್ನೂ, ಒಂದು ಬಗೆಯ ಉದ್ದ ಈರುಳ್ಳಿಯನ್ನೂ, ಅಣಬೆಗಳನ್ನೂ ಸುಟ್ಟು, ಚಿಟಿಕೆ ಉಪ್ಪನ್ನು ಮಾತ್ರ ಉದುರಿಸಿ ನನ್ನ ಮುಂದಿಟ್ಟನು. ಉಪ್ಪನ್ನಲ್ಲದೆ ಮತ್ತೇನನ್ನೂ ಸೋಕಿಸದ ಆ ಕಾಯಿಗೆ ಅಷ್ಟು ರುಚಿ ಎಲ್ಲಿಂದ ಬಂದಿತೆಂದು ಅಳಿಯನ ಮೂಲಕ ಕೇಳಿಸಿದೆನು. ಆತನು ತೊಟ್ಟಿಯೊಳಗಿನ ಕೆಂಡವನ್ನು ಬೆರಳಿನಿಂದ ತೋರಿಸಿ 'ಕಿಶೂ' ಎಂಬ ಒಂದೇ ಮಾತನ್ನಾಡಿದನು. ಕಿಶೂ ಎಂದರೆ ವಾಕಾಯಾಮಾ ಪ್ರಾಂತದ ಹಳೆಯ ಹೆಸರು.

ಕೆಂಡವನ್ನು ತೋರಿಸಿದ ಆ ಬೆರಳು ನನ್ನನ್ನು ಒಮ್ಮೆಲೇ ಮೈಸೂರಿನ ನಮ್ಮ ಹಳೆಯ ಮನೆಯ ಹಿತ್ತಲಿಗೆ ಒಯ್ದಿತು. ಅಲ್ಲಿ ಒಂದು ಅಗ್ಗಿಷ್ಟಿಕೆಯಿತ್ತು. ಅಂಚು ಒಡೆದು ತಂತಿಯಿಂದ ಬಿಗಿಸಿಕೊಂಡಿದ್ದ ಆ ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ನಮ್ಮ ತಾಯಿ ಸಂಜೆಯ ಕಾಫಿಗೆ ನೀರು ಕಾಯಿಸಿಯಾದ ಮೇಲೆ, ಉಳಿದ ಕೆಂಡವನ್ನು ವ್ಯರ್ಥಮಾಡಲಾರದೆ, ಎಣ್ಣೆ ಸವರಿದ ಬದನೆಕಾಯಿಯೊಂದನ್ನು ಅದರ ಮೇಲಿಡುತ್ತಿದ್ದರು. ಇಡುವ ಮುನ್ನ ಕಾಯನ್ನು ಚಾಕುವಿನಿಂದ ಎರಡು ಕಡೆ ಸೀಳಿ ನೋಡುವುದು ಕಡ್ಡಾಯವಾಗಿತ್ತು; ಒಳಗೆ ಹುಳು ಇದ್ದೀತೆಂಬ ಶಂಕೆಗೆ ಅದು ಪರಿಹಾರ, ಕಾವಿಗೆ ಕಾಯಿ ಸಿಡಿಯದಿರಲು ಅದೇ ಉಪಾಯ. ಸಿಪ್ಪೆ ಕರಿಕಾಗಿ ಒಳಗೆಲ್ಲ ಬೆಣ್ಣೆಯಂತಾದ ಮೇಲೆ ಬೆರಳುಗಳನ್ನು ನೀರಿಗೆ ಅದ್ದಿ ಅದ್ದಿ ಸುಲಿದು, ಮೊಸರು, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಇಂಗಿನ ಒಗ್ಗರಣೆ ಕೊಟ್ಟರೆ, ಅಂದಿನ ರಾತ್ರಿಯ ಊಟಕ್ಕೆ ಬೇರೆ ವ್ಯಂಜನ ಬೇಕಾಗುತ್ತಿರಲಿಲ್ಲ. ಅಡುಗೆ ಅನಿಲ ಬಂದಮೇಲೆ ಅದೇ ಬದನೆಕಾಯನ್ನು ಜ್ವಾಲೆಯ ಮೇಲೆ ಸುಟ್ಟದ್ದೂ ಉಂಟು; ಗೊಜ್ಜೇನೋ ಆಗುತ್ತಿತ್ತು, ಆದರೆ ಹಿಂದಿನ ರುಚಿಯಿಲ್ಲ ಎಂದು ತಂದೆಯವರು ದಿನವೂ ಹೇಳುತ್ತಿದ್ದರು. ಅದು ಅವರ ವೃದ್ಧಾಪ್ಯದ ಹಂಬಲವೆಂದೇ ನಾವು ಮಕ್ಕಳು ಬಹುಕಾಲ ನಂಬಿದ್ದೆವು.

ದಾರಿಯಲ್ಲಿ ಯುಆಸಾ ಎಂಬ ಚಿಕ್ಕ ನಿಲ್ದಾಣ ಬಂದಿತು. ರೈಲು ಅಲ್ಲಿ ನಿಂತದ್ದು ಕ್ಷಣಕಾಲವಾದರೂ ಆ ಊರಿನ ಹೆಸರನ್ನು ನಾನು ಗುರುತು ಹಾಕಿಕೊಂಡೆನು. ಏಕೆಂದರೆ ಜಪಾನೀಯರ ಅಡುಗೆಯ ಜೀವಾಳವಾದ ಸೋಯಾ ರಸದ ಹುಟ್ಟೂರು ಅದೇ ಎಂಬ ಪ್ರತೀತಿಯಿದೆ. 13ನೆಯ ಶತಮಾನದಲ್ಲಿ ಕಾಕುಶಿನ್ ಎಂಬ ಬೌದ್ಧಭಿಕ್ಷು ಚೀನಾದೇಶಕ್ಕೆ ಹೋಗಿ, 1254ರಲ್ಲಿ ಹಿಂದಿರುಗಿ, ಈ ಕರಾವಳಿಯ ಯುರಾ ಗ್ರಾಮದಲ್ಲಿ ನೆಲೆಸಿದನು. ಧ್ಯಾನಮಾರ್ಗದ ಉಪದೇಶದೊಡನೆ ಆತನು ಧಾನ್ಯವನ್ನೂ ಸೋಯಾ ಅವರೆಯನ್ನೂ ತರಕಾರಿಗಳೊಡನೆ ಹುದುಗಿಸಿ ಮಾಡುವ ಒಂದು ವ್ಯಂಜನದ ವಿಧಾನವನ್ನೂ ತಂದನು. ಕಿಂಜಾಂಜಿ ಮಿಸೊ ಎಂದು ಹೆಸರಾದ ಆ ವ್ಯಂಜನದ ಮರದ ಪೀಪಾಯಿಗಳಲ್ಲಿ ತಾನಾಗಿ ಒಸರಿ ನಿಂತ ಕಪ್ಪುರಸವನ್ನು ಯುಆಸಾದ ಜನ ರುಚಿನೋಡಿ, ಅದನ್ನೇ ಬೇರೆಯಾಗಿ ಮಾಡಲು ಕಲಿತರಂತೆ. ಸಂನ್ಯಾಸಿಯ ಜೋಳಿಗೆಯಿಂದ ಒಂದು ದೇಶದ ಅಡುಗೆಮನೆಗೆ ಇಷ್ಟು ದೊಡ್ಡ ಕಾಣಿಕೆ ಬಂದ ಸಂಗತಿ ನನಗೆ ಬಹಳ ಪ್ರಿಯವಾಯಿತು. ಕಪ್ಪಾದ ಆ ರಸವನ್ನು ಮರುದಿನ ಸಂಜೆ ಕೆಂಡದ ಮೇಲಣ ಅನ್ನಕ್ಕೆ ಸವರಲಿದ್ದೇನೆಂಬುದು ಆಗ ನನಗೆ ತಿಳಿದಿರಲಿಲ್ಲ.

ಮಿನಾಬೆಯಲ್ಲಿ ಇಳಿದು, ಒಂದು ಹೊಳೆಯ ಪಕ್ಕದಲ್ಲೇ ಬಳುಕುತ್ತ ಹೋಗುವ ರಸ್ತೆಯಲ್ಲಿ ಬಾಡಿಗೆಯ ಕಾರಿನಲ್ಲಿ ಮೇಲೇರಿದೆವು. ಈ ಕಣಿವೆಯ ರಚನೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ನನ್ನ ಕಥನದ ಉಳಿದ ಭಾಗವೆಲ್ಲ ಅದರ ಮೇಲೆಯೇ ನಿಂತಿದೆ. ತಗ್ಗಿನಲ್ಲಿ ಗದ್ದೆಗಳು, ಮನೆಗಳು. ಅವುಗಳ ಮೇಲೆ ಗುಡ್ಡದ ಇಳಿಜಾರಿನಲ್ಲೆಲ್ಲ 'ಉಮೆ' ಎಂಬ ಹಣ್ಣಿನ ತೋಟಗಳು. ಅದಕ್ಕೂ ಮೇಲೆ, ನೆತ್ತಿಯ ಕಡಿದಾದ ಜಾಗದಲ್ಲಿ, ಕಡುಹಸುರಿನ, ಗಿಡ್ಡನೆಯ, ತಿರುಚಿಕೊಂಡ ಕಾಂಡಗಳ ಒಂದು ಕಾಡು. ಆ ಕಾಡಿನ ಮುಖ್ಯ ವೃಕ್ಷ ಉಬಾಮೆಗಾಶಿ. ಓಕ್ ಕುಲಕ್ಕೆ ಸೇರಿದ, ಕಡಲಗಾಳಿಗೂ ಕಲ್ಲುನೆಲಕ್ಕೂ ಅಂಜದ, ಬಹು ನಿಧಾನವಾಗಿ ಬೆಳೆಯುವ, ಆ ನಿಧಾನದಿಂದಲೇ ಉಕ್ಕಿನಂತೆ ಗಟ್ಟಿಯಾಗುವ ಈ ನಿತ್ಯಹಸುರಿನ ಮರ ವಾಕಾಯಾಮಾ ಪ್ರಾಂತದ ಲಾಂಛನವೃಕ್ಷವೂ ಹೌದು. ನೆತ್ತಿಯ ಕಾಡು ಮಳೆಯ ನೀರನ್ನು ಹಿಡಿದಿಟ್ಟು, ಮಣ್ಣು ಜಾರದಂತೆ ತಡೆದು ಕೆಳಗಿನ ತೋಟಗಳನ್ನು ಕಾಯುತ್ತದೆ. ಅದರ ಪೊಟರೆಗಳಲ್ಲಿ ಗೂಡು ಕಟ್ಟುವ ನಾಡಜೇನುಗಳು ಚಳಿಗಾಲದ ಕಡೆಯಲ್ಲಿ ಉಮೆ ಹೂವರಳಿದಾಗ ಕೆಳಗಿಳಿದು ಬಂದು ಪರಾಗವನ್ನು ಹರಡುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2015ರಲ್ಲಿ ಮಿನಾಬೆ ಮತ್ತು ತಾನಾಬೆ ಪ್ರದೇಶಗಳ ಈ ವ್ಯವಸಾಯಕ್ರಮವನ್ನು ಜಾಗತಿಕ ಮಹತ್ವದ ಕೃಷಿಪರಂಪರೆಯೆಂದು ಮನ್ನಿಸಿತು.

ನಾವು ಇಳಿದುಕೊಂಡದ್ದು ಇದ್ದಿಲು ಸುಡುವ ಒಬ್ಬ ವೃದ್ಧರ ಮನೆಯಲ್ಲಿ. ಎಪ್ಪತ್ತು ದಾಟಿದ ಅವರೂ ಅವರ ಪತ್ನಿಯೂ ಎರಡು ಕೋಣೆಗಳನ್ನು ಅತಿಥಿಗಳಿಗಾಗಿ ಇಟ್ಟಿದ್ದರು. ಅಳಿಯ ಅವರನ್ನು ಜಪಾನೀ ಭಾಷೆಯಲ್ಲಿ ಏನೆಂದು ಕರೆದನೋ ನಾನರಿಯೆ. ನನ್ನೊಡನೆ ಮಾತನಾಡುವಾಗ ಮಾತ್ರ ಅವರು ಮೊದಲ ಗಳಿಗೆಯಿಂದಲೇ ಅಜ್ಜ, ಅಜ್ಜಿ ಆಗಿಬಿಟ್ಟಿದ್ದರು.

"ಮಾವ, ನಿಮ್ಮ ಪುಣ್ಯ ದೊಡ್ಡದು. ಇವತ್ತು ಸಂಜೆಯೇ ಗೂಡು ತೆಗೆಯುತ್ತಾರಂತೆ. ಹದಿನೈದು ದಿನಕ್ಕೊಮ್ಮೆ ನಡೆಯುವ ಕೆಲಸವಂತೆ ಇದು," ಎಂದು ಅಳಿಯ ಸಂಭ್ರಮದಿಂದ ಹೇಳಿದನು.

ಇದ್ದಿಲು ಸುಡುವುದೆಂದರೆ ಕಟ್ಟಿಗೆಗೆ ಬೆಂಕಿಯಿಟ್ಟು ನೀರು ಹೊಯ್ಯುವುದೆಂದು ತಿಳಿದಿದ್ದ ನನಗೆ ಅಂದು ಕಂಡುದೆಲ್ಲ ಹೊಸದು. ಕಲ್ಲು ಮಣ್ಣುಗಳಿಂದ ಕಟ್ಟಿದ ಗುಮ್ಮಟದಂಥ ಗೂಡು. ಅದರೊಳಗೆ ಮರದ ತುಂಡುಗಳನ್ನು ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಉಬಾಮೆಗಾಶಿ ನೇರವಾಗಿ ಬೆಳೆಯುವ ಮರವಲ್ಲವಾದುದರಿಂದ, ಪ್ರತಿಯೊಂದು ಡೊಂಕಿಗೂ ಗಾಯಮಾಡಿ, ಅಲ್ಲಿ ಮರದ ಬೆಣೆಯನ್ನು ಬಡಿದು, ಕೋಲನ್ನು ನೆಟ್ಟಗೆ ಮಾಡಿಕೊಳ್ಳುವ ಕೆಲಸವೇ ದಿನಗಟ್ಟಲೆ ಹಿಡಿಯುತ್ತದೆ. ಅನಂತರ ಬಾಯಿಯಲ್ಲಿ ಉರಿಹಾಕಿ, ಒಳಗಿನ ಮರ ತಾನಾಗಿ ಬೇಯತೊಡಗಿದ ಮೇಲೆ ಬಾಯನ್ನು ಬಹುಮಟ್ಟಿಗೆ ಮುಚ್ಚಿ, ಹಿಂಬದಿಯ ಚಿಕ್ಕ ರಂಧ್ರದಿಂದ ಹೊರಡುವ ಹೊಗೆಯ ಬಣ್ಣವನ್ನೂ ವಾಸನೆಯನ್ನೂ ನೋಡುತ್ತ ಕಾಯಬೇಕು. ಮೊದಲು ದಟ್ಟ ಬಿಳುಪಾಗಿ, ಕಣ್ಣುರಿಸುವಷ್ಟು ಹುಳಿಯಾಗಿ ಬರುವ ಹೊಗೆ ದಿನಗಳು ಕಳೆದಂತೆ ತೆಳುವಾಗಿ, ನೀಲಿಯಾಗಿ, ಕೊನೆಗೆ ಕಣ್ಣಿಗೆ ಕಾಣಿಸದಂತಾಗುತ್ತದೆ. ಆ ಹಂತದಲ್ಲಿ ಗೂಡನ್ನು ಹಾಗೆಯೇ ಮುಚ್ಚಿ ತಣಿಸಿದರೆ ಸಾಮಾನ್ಯವಾದ ಕರಿ ಇದ್ದಿಲು ದೊರೆಯುತ್ತದೆ. ಕಿಶೂವಿನವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಬಾಯನ್ನು ಸ್ವಲ್ಪ ಸ್ವಲ್ಪವಾಗಿ ತೆರೆದು ಗಾಳಿಯನ್ನು ಒಳಗೆ ಬಿಡುತ್ತಾರೆ; ಉಳಿದಿದ್ದ ಅನಿಲಗಳೂ ತೊಗಟೆಯೂ ಉರಿದುಹೋಗಿ, ಕಾವು 1000 ಡಿಗ್ರಿ ಸೆಲ್ಸಿಯಸನ್ನು ಮೀರಿ, ಗೂಡಿನೊಳಗೆ ಕಲ್ಲು, ಮಣ್ಣು, ಇದ್ದಿಲುಗಳ ಭೇದವೇ ತೋರದಂತೆ ಎಲ್ಲವೂ ಒಂದೇ ತೇಜಸ್ಸಾಗಿ ಬೆಳಗುತ್ತದೆ.

ಕತ್ತಲಾಗುವ ಹೊತ್ತಿಗೆ ಅಜ್ಜ ಮುಖಕ್ಕೆ ಒದ್ದೆಯ ಬಟ್ಟೆ ಸುತ್ತಿಕೊಂಡು, ಆಳುದ್ದವನ್ನು ಮೀರಿದ ಕಬ್ಬಿಣದ ಕೋಲಿನಿಂದ ಆ ತೇಜಸ್ಸನ್ನು ಹೊರಕ್ಕೆ ಎಳೆಯತೊಡಗಿದರು. ಒಂದೊಂದು ತುಂಡೂ ಉದಯಕಾಲದ ಸೂರ್ಯನ ತುಣುಕಿನಂತೆ ಹೊಳೆಯುತ್ತ ನೆಲಕ್ಕುರುಳಿ, ಒಂದಕ್ಕೊಂದು ತಾಗಿ, ಗಾಜಿನ ಬಳೆಗಳನ್ನು ಅಲುಗಿಸಿದಂತೆ ಕಿಣಿಕಿಣಿ ಎಂದಿತು. ಬೆಂಕಿಗೆ ಅಂಥ ಸುಸ್ವರವಿರುವುದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಹೊರಗೆಳೆದ ಕೆಂಡದ ರಾಶಿಯ ಮೇಲೆ ತೇವಮಾಡಿದ ಬೂದಿ, ಮಣ್ಣುಗಳ ಮಿಶ್ರಣವನ್ನು ಸಲಿಕೆಯಿಂದ ಹೊದಿಸಿ ಉಸಿರು ಕಟ್ಟಿಸುತ್ತಾರೆ. ಆರಿದ ಮೇಲೂ ಆ ಬೂದಿಯ ಬಿಳುಪು ಮೈಗೆ ಅಂಟಿಕೊಂಡಿರುವುದರಿಂದಲೇ ಇದಕ್ಕೆ ಬಿಳಿ ಇದ್ದಿಲೆಂಬ ಹೆಸರು. ಸ್ವಲ್ಪ ಎಳೆಯುವುದು, ಒಳಗೆ ಉಳಿದುದು ಮತ್ತೆ ಬಿಳುಪೇರುವವರೆಗೆ ಕಾಯುವುದು, ಮತ್ತೆ ಎಳೆಯುವುದು: ಹೀಗೆ ಮಧ್ಯರಾತ್ರಿಯನ್ನು ದಾಟಿ ಕೆಲಸ ನಡೆಯಿತು. ಸ್ವಲ್ಪ ದೂರದಲ್ಲಿ ನಿಂತಿದ್ದ ನನ್ನ ಕನ್ನಡಕದ ಚೌಕಟ್ಟು ಮುಟ್ಟಲಾರದಷ್ಟು ಬಿಸಿಯಾಗಿತ್ತು. ಆ ವಯಸ್ಸಿನ ಮನುಷ್ಯ ಆ ಬಾಯಿಯ ಎದುರಿಗೇ ನಿಂತು ದುಡಿಯುವುದನ್ನು ಕಂಡಾಗ, ಊಟದ ತಟ್ಟೆಯಲ್ಲಿ ಸರಳವೆಂದು ನಾವು ಮೆಚ್ಚುವುದರ ಹಿಂದೆ ಎಂತಹ ತಪಸ್ಸಿರುತ್ತದೆಂಬುದು ನನ್ನ ಮನಸ್ಸಿಗೆ ನಾಟಿತು.

ಈ ಇದ್ದಿಲಿಗೆ ಬಿಂಚೋತಾನ್ ಎಂಬ ಹೆಸರು ಬಂದದ್ದು ತಾನಾಬೆಯಲ್ಲಿದ್ದ ಬಿತ್ಚೂಯಾ ಚೋಜಾಎಮೋನ್ ಎಂಬ ವರ್ತಕನಿಂದ. 17ನೆಯ ಶತಮಾನದ ಕೊನೆಯಲ್ಲಿ, ಗೆನ್ರೋಕು ಎಂದು ಕರೆಯುವ ಕಾಲದಲ್ಲಿ, ಆತನು ಇದನ್ನು ಹಡಗಿನಲ್ಲಿ ದೂರದ ಎದೋ ನಗರಕ್ಕೆ ಕಳಿಸಿ ಪ್ರಸಿದ್ಧಿಗೆ ತಂದನು. ಮಾರಿದವನ ಹೆಸರು ಉಳಿಯಿತು, ಸುಟ್ಟವರ ಹೆಸರುಗಳು ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ನಮ್ಮನ್ನು ನೆತ್ತಿಯ ಕಾಡಿಗೆ ಕರೆದೊಯ್ದರು. ಒಂದೇ ಬುಡದಿಂದ ಐದಾರು ಕವಲುಗಳು ಎದ್ದಿದ್ದ ಮರವೊಂದನ್ನು ಮುಟ್ಟಿ, ಅವುಗಳಲ್ಲಿ ದಪ್ಪನೆಯ ಎರಡನ್ನು ಮಾತ್ರ ಕಡಿಯುತ್ತೇವೆ, ಸಣ್ಣವುಗಳನ್ನು ಬಿಡುತ್ತೇವೆ, 15-20 ವರ್ಷಗಳ ಮೇಲೆ ಅವು ದಪ್ಪವಾದಾಗ ಮತ್ತೆ ಇದೇ ಬುಡಕ್ಕೆ ಬರುತ್ತೇವೆ ಎಂದು ತೋರಿಸಿದರು. ಬುಡಸಹಿತ ಎಲ್ಲವನ್ನೂ ಒಮ್ಮೆಗೇ ಕಡಿದರೆ ಕೆಲಸ ಹಗುರ. ಆದರೆ ಅಂಥ ಗುಡ್ಡದಲ್ಲಿ ಉಬಾಮೆಗಾಶಿ ತಿರುಗಿ ಏಳುವ ಮುನ್ನ ಬೇರೆ ಜಾತಿಯ ಮರಗಳು ಜಾಗ ಹಿಡಿಯುತ್ತವೆ. "ಹಾಗಾದರೆ ನೀವು ಇಂದು ಬಿಟ್ಟ ಸಣ್ಣ ಕವಲನ್ನು ಕಡಿಯುವವರು ಯಾರು?" ಎಂದು ನಾನು ಕೇಳಿಸಿದೆನು. ಅಜ್ಜ ನಕ್ಕು ಉತ್ತರ ಕೊಟ್ಟರು. "ಯಾರಾದರೂ ಬರುತ್ತಾರೆ, ಅನ್ನುತ್ತಾರೆ ಮಾವ. ಅವರಿಗೂ ಯಾರೋ ಬಿಟ್ಟುಹೋಗಿದ್ದರಂತೆ," ಎಂದನು ಅಳಿಯ.

ಈ ನಾಡಿಗೆ ಕಾಡಿನ ವಿಷಯದಲ್ಲಿ ಒಬ್ಬ ದೊಡ್ಡ ಗುರುವಿದ್ದನು. ತಾನಾಬೆಯಲ್ಲಿ 1904ರಿಂದ 1941ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮಿನಾಕಾತಾ ಕುಮಾಗುಸು ಎಂಬ ಪ್ರಕೃತಿವಿಜ್ಞಾನಿ, ಹಲವು ಭಾಷೆಗಳ ಪಂಡಿತ. 1906ರಲ್ಲಿ ಅಂದಿನ ಸರ್ಕಾರ ಹಳ್ಳಿಗಳ ಚಿಕ್ಕ ಗುಡಿಗಳನ್ನು ಒಂದುಗೂಡಿಸಲು ಆಜ್ಞೆಮಾಡಿ, ಗುಡಿ ಹೋದೆಡೆಯಲ್ಲಿ ಅದರ ಬನವೂ ಕೊಡಲಿಗೆ ಬೀಳತೊಡಗಿದಾಗ, ಆತನು ಪತ್ರಿಕೆಗಳಲ್ಲಿ ಬರೆದು, ಅಧಿಕಾರಿಗಳೊಡನೆ ಹೋರಾಡಿ, ಅನೇಕ ಬನಗಳನ್ನು ಉಳಿಸಿದನು. ತಾನಾಬೆ ಕೊಲ್ಲಿಯ ಕಾಶಿಮಾ ಎಂಬ ಪುಟ್ಟ ದ್ವೀಪದ ಕಾಡು ಇಂದಿಗೂ ನಿಂತಿರುವುದು ಆ ಹೋರಾಟದ ಫಲ. ನಮ್ಮ ಕೊಡಗಿನ ದೇವರಕಾಡುಗಳನ್ನು ಕಂಡವರಿಗೆ ಆತನ ಸಂಕಟವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಆ ಸಂಜೆಯ ಊಟವೇ ಈ ಪ್ರಯಾಣದ ಫಲವಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮನೆಯ ಮುಂದಿನ ತೆರೆದ ಜಗಲಿಯಲ್ಲಿ ಅಜ್ಜಿ ಒಂದು ಶಿಚಿರಿನ್ ತಂದಿಟ್ಟರು. ಅದು ನಮ್ಮ ಅಗ್ಗಿಷ್ಟಿಕೆಯ ದಾಯಾದಿಯೇ ಸರಿ: ಕೆಳಗೆ ಗಾಳಿಯ ಕಿಂಡಿ, ನಡುವೆ ತೂತುಗಳ ಬಿಲ್ಲೆ, ಮೇಲೆ ತಂತಿಯ ಜಾಲರಿ. ಸಮುದ್ರದ ತಳದಲ್ಲಿ ಸೂಕ್ಷ್ಮ ಪಾಚಿಗಳ ಕವಚಗಳು ಶೇಖರಗೊಂಡು ಆದ ಹಗುರವಾದ ಮಣ್ಣಿನಿಂದ ಅದನ್ನು ಮಾಡುವುದರಿಂದ, ಒಳಗೆ ನಿಗಿನಿಗಿ ಕೆಂಡವಿದ್ದರೂ ಹೊರಮೈ ಅಷ್ಟಾಗಿ ಕಾಯುವುದಿಲ್ಲ. ಒಂದು ಹಿಡಿ ಇದ್ದಿಲಿನ ಕಾವೂ ಹೊರಗೆ ಸೋರಿಹೋಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದನ್ನು ಎಂದಿಗೂ ಹೊತ್ತಿಸಬಾರದೆಂದು ಅಜ್ಜಿ ಮೊದಲೇ ಎಚ್ಚರಿಸಿದರು. ಇದ್ದಿಲಿನಿಂದ ಏಳುವ ಇಂಗಾಲದ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ನಮ್ಮಲ್ಲಿಯೂ ಚಳಿಗಾಲದಲ್ಲಿ ಕೆಂಡವನ್ನು ಕೋಣೆಯೊಳಗಿಟ್ಟು ಮಲಗಿದವರು ಏಳದೆಹೋದ ದುಃಖದ ಸುದ್ದಿಗಳನ್ನು ಕೇಳಿದ್ದೇವೆ.

ಬಿಂಚೋತಾನ್ ಹೊತ್ತಿಕೊಳ್ಳುವುದು ಬಹು ಸಾವಕಾಶವಾಗಿ. ತಳದಲ್ಲಿ ತೂತುಗಳಿರುವ ಕಬ್ಬಿಣದ ಪಾತ್ರೆಯಲ್ಲಿ ಅದನ್ನು ಒಲೆಯ ಮೇಲಿಟ್ಟು ಅರ್ಧ ಗಂಟೆಯಾದರೂ ಕಾಯಬೇಕು. ಅವಸರದಿಂದ ಕಾಯಿಸಿದರೆ ಸಿಡಿದು ಚೂರಾಗುತ್ತದೆ. ಅಜ್ಜಿ ಅಂದು ನಮಗಾಗಿ, ತಡವಾಗದಿರಲೆಂದು, ಅದರ ಪಕ್ಕದಲ್ಲಿ ಕೆಲವು ತುಂಡು ಕರಿ ಇದ್ದಿಲನ್ನೂ ಇಟ್ಟಿದ್ದರು. ಅವುಗಳಿಂದ ಇನ್ನೂ ಹಳದಿ ಜ್ವಾಲೆಗಳು ನಾಲಗೆ ಚಾಚುತ್ತಿದ್ದಾಗಲೇ, ಹಸಿದಿದ್ದ ನಾನು ಬೆಂಕಿ ಸಿದ್ಧವಾಯಿತೆಂದು ಭಾವಿಸಿ, ಅವರು ಕಟ್ಟಿಟ್ಟಿದ್ದ ಅನ್ನದ ಉಂಡೆಯೊಂದನ್ನು ಸೋಯಾ ರಸದಲ್ಲಿ ಅದ್ದಿ ಜಾಲರಿಯ ಮೇಲಿಟ್ಟುಬಿಟ್ಟೆನು. ರಸ ಕರಿಕಾಗಿ, ಅನ್ನ ತಂತಿಗೆ ಕಚ್ಚಿ, ತಿರುಗಿಸಹೋದಾಗ ಉಂಡೆ ಎರಡು ಹೋಳಾಗಿ ಕೆಂಡಕ್ಕೆ ಬಿದ್ದಿತು. ಅನ್ನವನ್ನು ಬೆಂಕಿಗೆ ಬೀಳಿಸಿದೆನಲ್ಲಾ ಎಂದು ನಮ್ಮ ಕಡೆಯವರಿಗೆ ಆಗುವ ಸಂಕಟವೇ ನನಗೂ ಆಯಿತು. ಅಜ್ಜಿ ಏನನ್ನೂ ಹೇಳದೆ ಜಾಲರಿಯನ್ನು ತೆಗೆದು ತೊಳೆದು ತಂದು, ಕೆಂಡವನ್ನು ನೋಡುತ್ತ ಕೈಕಟ್ಟಿ ಕುಳಿತರು. ನಾವೂ ಕುಳಿತೆವು. ಹೊಳೆಯ ಸದ್ದು ಕೇಳಿಸುತ್ತಿತ್ತು. ಕಾಲು ಗಂಟೆ ಕಳೆಯುವುದರೊಳಗೆ ಜ್ವಾಲೆ ಅಡಗಿತು, ಹೊಗೆ ನಿಂತಿತು, ಕೆಂಪಿನ ಮೇಲೆ ವಿಭೂತಿಯ ಲೇಪದಂತೆ ತೆಳುವಾದ ಬಿಳಿ ಬೂದಿ ಕಟ್ಟಿತು. ಆಗ ಅವರು ಬೀಸಣಿಗೆಯನ್ನು ಕೈಗೆತ್ತಿಕೊಂಡರು.

ಜಾಲರಿಯನ್ನು ಮೊದಲು ಚೆನ್ನಾಗಿ ಕಾಯಿಸಿ ಅದಕ್ಕೆ ವಿನೆಗರ್ ಸವರುವುದು. ಗಟ್ಟಿಯಾಗಿ ಒತ್ತಿ ಕಟ್ಟಿದ ಅನ್ನದ ಉಂಡೆಯನ್ನು ಏನನ್ನೂ ಸವರದೆ ಬರಿದಾಗಿ ಇಡುವುದು. ತಾನಾಗಿ ತಂತಿಯನ್ನು ಬಿಡುವವರೆಗೆ ಅದನ್ನು ಮುಟ್ಟದಿರುವುದು. ಎರಡು ಮಗ್ಗುಲೂ ಒಣಗಿ ಹೊರಮೈ ಹುರಿಯಕ್ಕಿಯಂತೆ ಗರಿಗಟ್ಟಿದ ಮೇಲೆಯೇ ಯುಆಸಾದ ಸೋಯಾ ರಸವನ್ನು ಕುಂಚದಿಂದ ತೆಳುವಾಗಿ ಎಳೆಯುವುದು, ತಿರುಗಿಸುವುದು, ಮತ್ತೆ ಎಳೆಯುವುದು. ಯಾಕಿ ಓನಿಗಿರಿ ಎಂಬ ಆ ತಿನಿಸಿನ ಶಾಸ್ತ್ರವೆಲ್ಲ ಇಷ್ಟೇ. ರಸದ ಎರಡು ಹನಿ ಕೆಂಡಕ್ಕೆ ಬಿದ್ದು ಎದ್ದ ಪರಿಮಳ ಜಗಲಿಯನ್ನೆಲ್ಲ ತುಂಬಿತು. ನಮ್ಮ ಸೀಮೆಯಲ್ಲಿ ಪಾತ್ರೆಯ ತಳದಲ್ಲಿ ಕೆಂಪಗೆ ಸೀದ ಅನ್ನಕ್ಕಾಗಿ ಮಕ್ಕಳು ಜಗಳವಾಡುವುದನ್ನು ನೋಡಿದವರು ಇದರ ರುಚಿಯನ್ನು ಊಹಿಸಬಲ್ಲರು.

ಅನಂತರ ಬದನೆಕಾಯಿ. ಅದನ್ನು ಕಂಡೊಡನೆ ನಾನು ಮಾತನಾಡದಾದೆನು. ತೊಟ್ಟಿನ ಸುತ್ತ ಚಾಕುವಿನಿಂದ ಒಂದು ಗೆರೆ ಎಳೆದು, ಇಡಿಯಾಗಿಯೇ ಕೆಂಡದ ಮೇಲಿಟ್ಟು, ಇಕ್ಕಳದಿಂದ ಹೊರಳಿಸುತ್ತ, ಸಿಪ್ಪೆ ಪೂರ್ತಿಯಾಗಿ ಕಪ್ಪಾಗುವವರೆಗೆ ಸುಟ್ಟು, ಅಜ್ಜಿ ಬೆರಳುಗಳನ್ನು ನೀರಿಗೆ ಅದ್ದಿ ಅದ್ದಿ ಸುಲಿದರು. ಕಾಯನ್ನು ನೀರಿಗೆ ಹಾಕಿ ಸುಲಿಯುವುದು ಸುಲಭ, ಆದರೆ ರುಚಿಯೆಲ್ಲ ನೀರಿನ ಪಾಲಾಗುತ್ತದೆ ಎಂದು ಅವರು ಹೇಳಿದಾಗ, ಅದೇ ಮಾತನ್ನು ಅದೇ ಗದರಿಕೆಯ ಧ್ವನಿಯಲ್ಲಿ ಮೈಸೂರಿನ ಹಿತ್ತಲಿನಲ್ಲಿ ಕೇಳಿದ್ದೆನೆಂದು ಹೇಳಬೇಕೆನ್ನಿಸಿತು. ಅವರದಕ್ಕೆ ಮೊಸರಿಲ್ಲ, ಒಗ್ಗರಣೆಯಿಲ್ಲ. ತುರಿದ ಹಸಿಶುಂಠಿ, ನಾಲ್ಕು ಹನಿ ಸೋಯಾ ರಸ, ಅಷ್ಟೆ. ಶರತ್ಕಾಲದ ಬದನೆಕಾಯನ್ನು ಸೊಸೆಗೆ ಕೊಡಬಾರದೆಂದು ಜಪಾನಿನಲ್ಲಿ ಒಂದು ಗಾದೆಯುಂಟು. ಅಷ್ಟು ರುಚಿಯಾದುದನ್ನು ಸೊಸೆಗೇಕೆ ಎಂಬ ಅತ್ತೆಯ ಜಿಪುಣತನವೆಂದು ಕೆಲವರು, ಮೈಗೆ ತಂಪಾದೀತೆಂಬ ಅಕ್ಕರೆಯೆಂದು ಕೆಲವರು ಅದಕ್ಕೆ ಅರ್ಥ ಹೇಳುತ್ತಾರಂತೆ. ಅಕ್ಕರೆಯೆಂಬ ಅರ್ಥವೇ ಸರಿಯೆಂದು ನಾನು ನಂಬುತ್ತೇನೆ.

ಅಣಬೆಯನ್ನು ಟೋಪಿ ಕೆಳಗಾಗಿ ಇಟ್ಟು, ಉಪ್ಪು ಉದುರಿಸಿ, ಒಳಗಿನ ಗೆರೆಗಳ ನಡುವೆ ರಸ ಮುತ್ತಿನಂತೆ ಒಸರಿ ನಿಲ್ಲುವವರೆಗೆ ಬಿಡುತ್ತಾರೆ. ತಿರುಗಿಸಿದರೆ ಆ ರಸ ಚೆಲ್ಲಿಹೋಗುವುದರಿಂದ ತಿರುಗಿಸುವುದೇ ಇಲ್ಲ. ಶಿಶಿತೋ ಎಂಬ ಮೆಣಸಿನಕಾಯಿಗೆ ಖಾರವಿಲ್ಲ, ಆದರೆ ಹತ್ತರಲ್ಲೊಂದು ಮೋಸ ಮಾಡುತ್ತದೆ. ಅಜ್ಜ ತಮಗಾಗಿ, ಸೀಳಿ ಉಪ್ಪುನೀರಿನಲ್ಲಿ ನೆನೆಸಿ ಗಾಳಿಗೆ ಒಣಗಿಸಿದ ಆಜಿ ಎಂಬ ಮೀನನ್ನು ಸುಟ್ಟುಕೊಂಡರು. ಮೀನಿಗೆ ಬೇಕಾದುದು ಬಲವಾದ ಕೆಂಡ, ಆದರೆ ದೂರದ ಕಾವು ಎಂದು ಜಾಲರಿಯನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿದರು.

ಆ ರಾತ್ರಿ ತಂದೆಯವರ ಹಳೆಯ ದೂರಿಗೆ ನನಗೆ ಉತ್ತರ ಸಿಕ್ಕಿತು. ಅಡುಗೆ ಅನಿಲದಲ್ಲಿ ಜಲಜನಕವಿರುವುದರಿಂದ ಅದು ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಜ್ವಾಲೆ ಕಣ್ಣಿಗೆ ಒಣಗಿ ತೋರಿದರೂ ಅದರ ಬಿಸಿ ತೇವವಾದುದು. ಚೆನ್ನಾಗಿ ಸುಟ್ಟ ಇದ್ದಿಲಾದರೋ ಬಹುಪಾಲು ಇಂಗಾಲವೇ ಆಗಿರುವುದರಿಂದ ಅದರ ಕಾವು ಒಣಕಾವು. ಮೇಲಾಗಿ ಬಿಸಿಗಾಳಿಗಿಂತ ಹೆಚ್ಚಾಗಿ, ಬಿಸಿಲು ಮೈಗೆ ತಾಗುವಂತೆ, ಕಿರಣರೂಪದಲ್ಲಿ ಪದಾರ್ಥವನ್ನು ತಾಕುತ್ತದೆ. ಆದುದರಿಂದಲೇ ಹೊರಮೈ ಬೇಗ ಗರಿಗಟ್ಟುತ್ತದೆ. ತಂದೆಯವರು ಹೇಳುತ್ತಿದ್ದುದು ಯಥಾರ್ಥವಾಗಿತ್ತು. ಅವರ ಮಾತನ್ನು ಹಂಬಲವೆಂದು ತಳ್ಳಿಹಾಕಿದ ನನ್ನ ತಪ್ಪನ್ನು ಅವರ ಮುಂದೆ ಒಪ್ಪಿಕೊಳ್ಳುವ ಅವಕಾಶ ಈಗಿಲ್ಲ.

ಎರಡನೆಯ ಅನ್ನದ ಉಂಡೆಯನ್ನು ಮುರಿದಾಗ ಒಳಗಿನಿಂದ ಕೆಂಪಗಿನ ಒಂದು ಹಣ್ಣು ಹೊರಬಂದಿತು. ಅದೇ ಉಮೆಬೋಶಿ. ಬೇಸಗೆಯ ಮೊದಲಲ್ಲಿ ಉದುರುವ ಉಮೆ ಹಣ್ಣನ್ನು ಅದರ ತೂಕದ ಐದನೆಯ ಒಂದು ಭಾಗದಷ್ಟು ಉಪ್ಪಿನಲ್ಲಿ ಹಾಕಿ, ಮಳೆ ಕಳೆದ ಮೇಲೆ ಬಿಸಿಲಿನಲ್ಲಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಮಲೆನಾಡಿನ ಅಪ್ಪೆಮಿಡಿಯ ಉಪ್ಪಿನಕಾಯಿಗಿರುವ ಮರ್ಯಾದೆಯೇ ಅಲ್ಲಿ ಅದಕ್ಕೂ ಇದೆ. ನಾಲಗೆ ಚುರುಗುಟ್ಟಿದ ಆ ಕ್ಷಣದಲ್ಲಿ ನಾನು ತಲೆಯೆತ್ತಿ ಕತ್ತಲಲ್ಲಿ ಕರಗಿದ್ದ ಬೆಟ್ಟವನ್ನು ನೋಡಿದೆನು. ಅನ್ನ ತಗ್ಗಿನ ಗದ್ದೆಯದು, ಹಣ್ಣು ಇಳಿಜಾರಿನದು, ಆ ಹಣ್ಣಿನ ಹೂವಿಗೆ ಪರಾಗ ತಂದ ಜೇನು ನೆತ್ತಿಯ ಕಾಡಿನದು, ಎಲ್ಲವನ್ನೂ ಬೇಯಿಸಿದ ಕೆಂಡವೂ ಆ ನೆತ್ತಿಯದೇ. ನನ್ನ ಕೈಯಲ್ಲಿದ್ದ ಒಂದು ಹಿಡಿ ಅನ್ನದಲ್ಲಿ ಆ ಬೆಟ್ಟ ಬುಡದಿಂದ ತುದಿಯವರೆಗೆ ಇದ್ದಿತು, ಮತ್ತು ಅದು ಅಲ್ಲಿರುವುದಕ್ಕೆ ಕಾರಣ, ಹಿಂದೆ ಯಾರೋ ಸಣ್ಣ ಕವಲುಗಳನ್ನು ಕಡಿಯದೆ ಬಿಟ್ಟದ್ದು.

ಊಟವಾದ ಮೇಲೆ ಅಜ್ಜಿ ಉಳಿದ ಕೆಂಡಗಳನ್ನು ಒಂದೊಂದಾಗಿ ಇಕ್ಕಳದಿಂದ ಎತ್ತಿ ಮುಚ್ಚಳವಿರುವ ಮಡಕೆಯೊಳಗಿಟ್ಟು ಮುಚ್ಚಿದರು. ಗಾಳಿಯಿಲ್ಲದೆ ಆರಿದ ಆ ತುಂಡುಗಳು ಮರುದಿನದ ಒಲೆಗೆ ಆಗುತ್ತವೆ. ನಮ್ಮ ತಾಯಿ ನೀರು ಚಿಮುಕಿಸಿ ಆರಿಸುತ್ತಿದ್ದರು. ವಿಧಾನ ಬೇರೆ, ಮನಸ್ಸು ಒಂದೇ.

ನಮ್ಮ ನಾಡು ಇದ್ದಿಲಿನ ಕೆಲಸವನ್ನು ಅರಿಯದ್ದೇನಲ್ಲ. 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸತೊಡಗಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದಲೇ. ಕಟ್ಟಿಗೆಯನ್ನು ಭಟ್ಟಿಯಿಳಿಸಿ, ಕಿಶೂವಿನವರು ಗೂಡಿನ ಹೊಗೆಯಿಂದ ಹುಳಿದ್ರವವನ್ನು ಹಿಡಿದಿಡುವಂತೆ, ಹೊಗೆಯಲ್ಲಿನ ರಾಸಾಯನಿಕಗಳನ್ನೂ ಅಲ್ಲಿ ಸಂಗ್ರಹಿಸುತ್ತಿದ್ದರು. ಆ ಸಾಹಸ ಮೈಸೂರಿಗೆ ಕೀರ್ತಿ ತಂದಿತು, ಸಾವಿರಾರು ಮಂದಿಗೆ ಅನ್ನವಿತ್ತಿತು. ಅದರೊಡನೆ ಕಾಡು ತೆತ್ತ ಬೆಲೆಯನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕಾದುದು ನ್ಯಾಯ.

ಮೈಸೂರಿಗೆ ಮರಳಿದ ವಾರದಲ್ಲಿ ನಾನು ಕುಂಬಾರರ ಬೀದಿಯಿಂದ ಒಂದು ಹೊಸ ಅಗ್ಗಿಷ್ಟಿಕೆಯನ್ನು ಕೊಂಡು, ಇದ್ದಿಲಿನ ಅಂಗಡಿಗೆ ಹೋದೆನು. ಇದು ಯಾವ ಮರದ್ದು ಎಂದು ಕೇಳಿದಾಗ, ಅಂತಹ ಪ್ರಶ್ನೆಯನ್ನು ಯಾರೂ ಕೇಳಿದವರಿಲ್ಲವೆಂಬಂತೆ ಅಂಗಡಿಯಾತ ನನ್ನ ಮುಖ ನೋಡಿ, "ಬಳ್ಳಾರಿ ಜಾಲಿ, ಸ್ವಾಮಿ," ಎಂದನು. ಹೊರದೇಶದಿಂದ ಬಂದು ನಮ್ಮ ಕೆರೆಯಂಗಳಗಳನ್ನೂ ಹೊಲದ ಬದುಗಳನ್ನೂ ಆಕ್ರಮಿಸಿ, ಕಡಿದಷ್ಟೂ ಚಿಗುರುವ ಆ ಮುಳ್ಳಿನ ಮರದ ಇದ್ದಿಲನ್ನು ನಾನು ಸಂತೋಷದಿಂದ ಕೊಂಡೆನು. ಬಿಂಚೋತಾನಿನ ಸ್ವರ ಅದಕ್ಕಿಲ್ಲ. ಕೆಂಡವಾಗುವವರೆಗೆ ಕಾದರೆ ಬದನೆ ಚೆನ್ನಾಗಿಯೇ ಬೇಯುತ್ತದೆ. ಓದುಗರಲ್ಲಿ ನನ್ನದೊಂದು ಬಿನ್ನಹ: ಜೋಳದ ತೆನೆಯನ್ನೋ, ಗೆಣಸನ್ನೋ, ಬದನೆಕಾಯನ್ನೋ ಸುಡಬೇಕೆಂದು ಮನಸ್ಸಾದಾಗ, ಜ್ವಾಲೆ ಅಡಗಿ ಬೂದಿ ಬೆಳ್ಳಗೆ ಕಟ್ಟುವವರೆಗೆ ಕಾಯಿರಿ, ಮತ್ತು ಇದ್ದಿಲು ಕೊಳ್ಳುವಾಗ, ಅದು ಯಾವ ಮರದ್ದು, ಯಾವ ಊರಿನದು ಎಂದು ಅಂಗಡಿಯವರನ್ನು ಕೇಳಿರಿ.